ಎರಡನೆಯ ಭಾಗದಿಂದ ಕಲಿತದ್ದು

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಕೊಲ್ಹಾಪುರದ ಒಂದು ಸ್ಟುಡಿಯೋ ಮುಚ್ಚಿತು. ಹಾಗಾಗಿ ಅಲ್ಲಿಯ ಕಂಪ್ಯೂಟರ್ ಚಿಕ್ಕೋಡಿಯ ನಮ್ಮ ಮನೆಗೆ ಬಂತು. ನನ್ನ ಗಂಡನದು ಮೈಕ್‌ಸೆಟ್ಟಿನ ಅಂಗಡಿ. ಮದುವೆ, ಬಸದಿಯ ಪಂಚಕಲ್ಯಾಣ, ಚುನಾವಣೆಯ ಪ್ರಚಾರ, ಎಲ್ಲಕ್ಕೂ ಹಾರ್ನು ಕಟ್ಟುವುದು ಅವರ ಕೆಲಸ. ಅಂಗಡಿಯ ಹಿಂದಿನ ಖೋಲಿಯ ಗೋಡೆಗಳಿಗೆ ಹಳೆಯ ಕೌದಿ, ಗಾದಿಗಳನ್ನು ಬಡಿದು, ಸುತ್ತಲಿನ ಊರುಗಳ ಭಜನಿ ಮಂಡಳಿಗಳ ಕ್ಯಾಸೆಟ್ ಕೂಡ ಅಲ್ಲೇ ಮಾಡಿಕೊಡುತ್ತಿದ್ದರು. ಅಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವಳು ನಾನು. ಸದಲಗಾದ ಬಸದಿಯಲ್ಲಿ ಪೂಜೆಯ ಹಾಡುಗಳಿಗೆ ನಮ್ಮಪ್ಪ ಪೇಟಿ ನುಡಿಸುತ್ತಿದ್ದ. ಅವನ ಮಗ್ಗುಲಲ್ಲಿ ಕೂತು ಕಲಿತದ್ದು ಅದೊಂದೇ ನನ್ನ ಬಂಡವಾಳ.

ಕಂಪ್ಯೂಟರಿನ ಜೊತೆ ಸಂಗೀತ ಕಟ್ಟುವ ಒಂದು ಸಾಫ್ಟ್‌ವೇರ್ ಇತ್ತು. ಅದನ್ನು ಕಲಿಯಲು ಇಟ್ಟಂಗಿಯಷ್ಟು ದಪ್ಪದ ಒಂದು ಇಂಗ್ಲಿಷ್ ಪುಸ್ತಕ ಮತ್ತು ಪಾಠ ಹೇಳುವ ಒಂದು ಸಿಡಿ. ಪುಸ್ತಕದ ಮೇಲೆ ‘ಎರಡನೆಯ ಭಾಗ, ಮುಂದುವರಿದವರಿಗೆ’ ಎಂದು ಬರೆದಿತ್ತು. ಮೊದಲನೆಯ ಭಾಗ ಎಲ್ಲಿ ಎಂದು ಕೇಳಿದರೆ, ಮಾರಿದವನು ಬೇಸರದಿಂದ ಕೈ ಆಡಿಸಿದ.

“ಅದು ಕಳದ ಹೋಗೇತ್ರಿ ವಹಿನಿ. ಹೋದ್ರ ಹೋಗ್ಲಿ. ಅದರಾಗ ಏನೈತಿ, ಚಾಲೂ ಮಾಡೂದು, ಬಂದ್ ಮಾಡೂದು. ಖರೇ ವಿದ್ಯಾ ಎಲ್ಲಾ ಇದರಾಗ ಐತಿ.”

ಗಂಡ ನನ್ನ ಕಡೆ ನೋಡಿದರು. ಅವರು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ನಾನು ಎಂಬತ್ತರ ದಶಕದಲ್ಲಿ ನಿಪ್ಪಾಣಿಯ ಕಾಲೇಜಿನಲ್ಲಿ ಪಿಯುಸಿ ಮುಗಿಸಿದವಳು. ಹೀಗಾಗಿ ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೇ ಎಂದಾಗಿತ್ತು. ಆ ಕಾಲೇಜಿನಲ್ಲಿ ನಾನು ಹೇಗೆ ಕಲಿತೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಕೊಗನೊಳ್ಳಿಯ ಸೋದರತ್ತೆಯ ಮನೆಯಲ್ಲಿದ್ದು ಮರಾಠಿ ಶಾಲೆಗೆ ಹೋದೆ, ಆಮೇಲೆ ಸದಲಗಾಕ್ಕೆ ಬಂದು ಕನ್ನಡ ಶಾಲೆ, ಕೊನೆಗೆ ಒಮ್ಮೆಲೇ ಇಂಗ್ಲಿಷ್. ಎಲ್ಲ ಕಡೆಯೂ ತಿಳಿಯದಾಗ ತಲೆ ಆಡಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ಪಕ್ಕದವಳನ್ನು ಕೇಳಲೂ ನಾಚಿಕೆ. ಅವತ್ತೂ ತಲೆ ಆಡಿಸಿದೆ. “ಕಲೀತೀನಿ” ಅಂದೆ.

ಮಧ್ಯಾಹ್ನ ಅಡಿಗೆ ಮುಗಿದ ಮೇಲೆ ಅತ್ತೆ ಮಲಗಿದಾಗ ಖೋಲಿಯ ಬಾಗಿಲು ಎಳೆದುಕೊಂಡು ಕೂಡುತ್ತಿದ್ದೆ. ತೊಡೆಯ ಮೇಲೆ ಡಿಕ್ಷನರಿ. ಸಿಡಿಯಲ್ಲಿ ಒಬ್ಬ ಪರದೇಶದ ಮನುಷ್ಯ ಸಮಾಧಾನದಿಂದ ಪಾಠ ಹೇಳುತ್ತಿದ್ದ. ಅವನು ಪ್ರತಿ ಪಾಠವನ್ನೂ “ನಿಮಗೆ ಈಗಾಗಲೇ ಗೊತ್ತಿರುವಂತೆ” ಎಂದೇ ಶುರು ಮಾಡುತ್ತಿದ್ದ. ನನಗೆ ಏನೂ ಗೊತ್ತಿರುತ್ತಿರಲಿಲ್ಲ. ಖೋಲಿಯಲ್ಲಿ ನಾನೊಬ್ಬಳೇ ಇದ್ದರೂ ಆ ಮಾತು ಕೇಳಿದ ಕೂಡಲೇ ಯಾರೋ ನೋಡುತ್ತಿದ್ದಾರೆ ಎಂಬಂತೆ ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ.

ಆದರೂ ಕಲಿತೆ. ಮಶೀನು ಬಾರಿಸುವ ತಬಲಾ ಗಡಿಯಾರದಂತೆ ಕೇಳಿಸಬಾರದು, ಮನುಷ್ಯನ ಕೈಯಂತೆ ಕೇಳಿಸಬೇಕು ಎಂದರೆ ಒಂದೊಂದು ಪೆಟ್ಟನ್ನೂ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು, ಒಂದನ್ನು ಗಟ್ಟಿ, ಮತ್ತೊಂದನ್ನು ಮೆತ್ತಗೆ ಮಾಡಬೇಕು ಎಂಬ ಒಂದು ಪಾಠವಿತ್ತು. ಅದು ನನಗೆ ಬಹಳ ಸೇರಿತು. ಹಾಡಿನ ನಡಿಗೆಯನ್ನು ನಡುವೆ ಬೇಕಾದಲ್ಲಿ ನಿಧಾನ ಮಾಡುವುದು ಇನ್ನೊಂದು ಪಾಠ. ಮಂಗಸೂಳಿಯ ಭಜನಿ ಮಂಡಳಿಯ ಮುಖ್ಯ ಹಾಡುಗಾರರು ವಯಸ್ಸಾದವರು. ತಮ್ಮೂರ ದೇವರು ಮಲ್ಲಯ್ಯನ ಮೇಲಿನ ಪದಗಳನ್ನು ಹಾಡುವಾಗ ಪಲ್ಲವಿಗೆ ಮರಳುವ ಮುಂಚೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ನಾನು ಆ ಜಾಗದಲ್ಲಿ ಮಶೀನಿನ ನಡಿಗೆಯನ್ನು ತುಸು ತಡೆದೆ. ಅವರು ಹಾಡಿ ಮುಗಿಸಿ ಹೆಡ್‌ಫೋನ್ ತೆಗೆದು, “ಇದು ನನಗಾಗಿ ನಿಂತು ನಡೀತೈತ್ರಿ” ಅಂದರು. ನನಗೆ ಹೆಮ್ಮೆಯಾಯಿತು. ಕಂಪ್ಯೂಟರ್ ಮೇಳ ನುಡಿಸುತ್ತಿತ್ತು, ಅದರ ಜೊತೆ ಅವರ ದನಿಯನ್ನು ಗಂಡ ಟೇಪಿಗೆ ಇಳಿಸಿಕೊಳ್ಳುತ್ತಿದ್ದರು.

ಆ ಕ್ಯಾಸೆಟ್ ಬಹಳ ಹೋಯಿತು. ರಾಯಬಾಗದ ಕಡೆಯ ಟೆಂಪೋಗಳಲ್ಲಿ, ಅಥಣಿಯ ಹೋಟೆಲುಗಳಲ್ಲಿ ಅದೇ ಹಾಡು. ಚಿಕ್ಕೋಡಿಯಲ್ಲಿ ಒಬ್ಬ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಇಡೀ ಮೇಳ ಬಾರಿಸುತ್ತಾಳೆ ಎಂಬ ಸುದ್ದಿಯಾಯಿತು. ಅತ್ತೆಗೆ ಮಾತ್ರ ಸೊಸೆ ಗಂಡಸರ ನಡುವೆ ಕೂಡುವುದು ಮನಸ್ಸಿಗೆ ಬರುತ್ತಿರಲಿಲ್ಲ. ಬೀಗರು ಬಂದಾಗ, “ಅಕೀ ಒಳಗ ಅದಾಳ, ಅಡಗಿ ಮಾಡಾಕತ್ತಾಳ” ಎಂದು ಹೇಳಿ, ಹಿಂದಿನ ಖೋಲಿಯಿಂದ ಪೇಟಿಯ ದನಿ ಬಂದರೆ ರೇಡಿಯೋ ಅಂದುಬಿಡುತ್ತಿದ್ದರು.

ನಮ್ಮ ಕ್ಯಾಸೆಟ್ಟುಗಳಲ್ಲಿ ಒಂದು ಸಣ್ಣ ದನಿ ಇರುತ್ತಿತ್ತು. ಹಾಡಿನ ಕೆಲವು ಸಾಲು ಮುಗಿದು ಮತ್ತೆ ಶುರುವಾಗುವಾಗ, ಬಹಳ ಮೆತ್ತಗೆ, ‘ಟಿಣ್’ ಎಂದು ಗಂಟೆಯಂತೆ. ಅದು ಕಂಪ್ಯೂಟರಿನದೇ ಸಪ್ಪಳ, ಹಳೆಯ ಗಿರಣಿಗೆ ಒಂದು ಸಪ್ಪಳ ಇರುವಂತೆ ಇದಕ್ಕೊಂದು ಎಂದು ನಾನು ತಿಳಿದಿದ್ದೆ. ಒಮ್ಮೆ ಗಂಡನನ್ನು ಕೇಳಿದಾಗ ಅವರೂ, “ಮಶೀನದ ಗುಣಾ ಇರಬೇಕು, ಇರ್ಲಿ ಬಿಡು, ಚಲೋ ಕೇಳತೈತಿ” ಅಂದಿದ್ದರು.

ನಿಪ್ಪಾಣಿಯಲ್ಲಿ ಖಾಲಿ ಕ್ಯಾಸೆಟ್ ಮಾರುವ ಒಬ್ಬ ವ್ಯಾಪಾರಿ ಇದ್ದರು. ಸುತ್ತಲಿನ ರೆಕಾರ್ಡಿಂಗ್ ಖೋಲಿಗಳಿಗೆಲ್ಲ ಅವರದೇ ಮಾಲು. ಅವರು ಒಂದು ದಿನ ಅಂಗಡಿಗೆ ಬಂದು, ಎಲ್ಲರನ್ನೂ ಕೂಡಿಸಿ ಒಂದು ತರಬೇತಿ ಮಾಡೋಣ ಅಂದರು. “ಈಗ ಎಲ್ಲಾರೂ ಕಂಪ್ಯೂಟರ್ ತಗೊಳ್ಳಾಕತ್ತಾರ. ಚಾಲೂ ಮಾಡೂದು ಅವರಿಗೆ ಬರತೈತಿ. ಮುಂದಿಂದ ನೀವ ಕಲಸ್ರಿ.” ನಾನು ಬೇಡ ಅನ್ನುವಷ್ಟರಲ್ಲಿ ಗಂಡ ಹೂಂ ಅಂದಿದ್ದರು. ಖರೇ ಹೇಳಬೇಕೆಂದರೆ ನನಗೂ ಬೇಕಾಗಿತ್ತು.

ಕಂಪ್ಯೂಟರಿಗೆ ಕೌದಿ ಸುತ್ತಿ ಜೀಪಿನಲ್ಲಿ ನಿಪ್ಪಾಣಿಗೆ ಒಯ್ದೆವು. ತಂಬಾಕು ತುಂಬಿಡುವ ವಖಾರಿಯ ಮೇಲಿನ ಒಂದು ಹಾಲ್. ಕೆಳಗಿನಿಂದ ತಂಬಾಕಿನ ಘಾಟು ಬಂದು ಒಬ್ಬಿಬ್ಬರು ಸೀನುತ್ತಿದ್ದರು. ಗೋಡೆಯ ಮೇಲೆ ಬಟ್ಟೆಯ ಫಲಕ, ಅದರಲ್ಲಿ ನನ್ನ ಹೆಸರಿನ ಮುಂದೆ ‘ಸಂಗೀತ ಕಂಪ್ಯೂಟರ್ ತಜ್ಞೆ’ ಎಂದು ಬರೆಸಿದ್ದರು. ಅಥಣಿ, ರಾಯಬಾಗ, ಕಾಗವಾಡಗಳಿಂದ ರೆಕಾರ್ಡಿಂಗ್ ಖೋಲಿಯವರು ಬಂದಿದ್ದರು. ಎಲ್ಲರೂ ಗಂಡಸರು. ಒಬ್ಬಳೇ ಹೆಣ್ಣುಮಗಳು, ಕಾಗವಾಡದ ಖೋಲಿಯವನ ಹೆಂಡತಿ, ನಿಪ್ಪಾಣಿಯ ತವರಿಗೆ ಹೊರಟವಳು ಗಂಡನ ಜೊತೆ ಬಂದು ಹಿಂದಿನ ಕುರ್ಚಿಯಲ್ಲಿ ಚೀಲ ಹಿಡಿದು ಕೂತಿದ್ದಳು.

ಮುಂಜಾನೆ ಎಲ್ಲ ಚೆನ್ನಾಗಿ ನಡೆಯಿತು. ಪೆಟ್ಟುಗಳನ್ನು ಸರಿಸುವ ಪಾಠ ತೋರಿಸಿದೆ. ಒಂದೇ ತಬಲೆಯನ್ನು ಮೊದಲು ಮಶೀನಿನಂತೆ, ಆಮೇಲೆ ಮನುಷ್ಯನಂತೆ ಕೇಳಿಸಿದೆ. ಅಥಣಿಯಿಂದ ಬಂದವರು ಸಫಾರಿ ತೊಟ್ಟ, ತುಸು ಠೀವಿಯ ಮನುಷ್ಯ. ಅವರು ಕೂಡ ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಊಟಕ್ಕೆ ಏಳುವಾಗ ಗಂಡ ನನ್ನ ಕಡೆ ನೋಡಿ ನಕ್ಕರು. ಅವರು ಹಾಗೆ ನಾಲ್ಕು ಜನರೆದುರು ನನ್ನನ್ನು ನೋಡಿ ನಗುವವರಲ್ಲ.

ಊಟವಾದ ಮೇಲೆ ಅಥಣಿಯವರು ಕೇಳಿದರು: “ಅಕ್ಕಾರ, ಎಲ್ಲಾ ತಿಳೀತು. ಈಗ ಒಂದು ಹೊಸಾ ಹಾಡು ಮೊದಲಿಂದ ಕಟ್ಟಿ ತೋರಸ್ರಿ. ಮನಿಗೆ ಹೋಗಿ ನಾವು ಅದನ್ನ ಮಾಡಬೇಕಲ್ಲ.”

ನಾನು ದಿನಾ ಮಾಡುವಂತೆ ಮಾಡಿದೆ. ಪಾಠದ ಸಿಡಿಯಲ್ಲಿ ಅಭ್ಯಾಸಕ್ಕೆಂದು ಕೊಟ್ಟ ಒಂದು ಹಾಡಿತ್ತು. ಅದನ್ನು ತೆರೆದೆ. ಪರದೆಯ ತುಂಬ ಪಿಯಾನೋ, ಪಿಟೀಲು, ಡ್ರಮ್ಮುಗಳ ಪಟ್ಟಿಗಳು ಬಂದವು. ಒಂದೊಂದನ್ನೇ ಹಿಡಿದು ಅಳಿಸತೊಡಗಿದೆ. ಅರ್ಧ ಅಳಿಸಿದ ಮೇಲೆ ರಾಯಬಾಗದವರೊಬ್ಬರು ಕೇಳಿದರು.

“ಅಕ್ಕಾರ, ಇದು ಯಾರ ಹಾಡ್ರಿ?”

“ಪಾಠದ್ದು.”

“ಮತ್ತ ಅದನ್ಯಾಕ ಅಳಸಾಕತ್ತೀರಿ?”

“ಜಾಗಾ ಖಾಲಿ ಮಾಡಾಕ. ಆಮ್ಯಾಲ ನಮ್ದು ಬರೀಬೇಕಲ್ಲ. ಬ್ಯಾರೆ ಹೆಸರಿಲೆ ಇಟ್ಟರಾತು” ಅಂದೆ. ಬೇರೆ ಹೆಸರಿನಲ್ಲಿ ಇಡುವುದು ಹೇಗೆ ಎಂದು ಪುಸ್ತಕದಲ್ಲಿತ್ತು.

ಅಥಣಿಯವರು ಎದ್ದು ಹತ್ತಿರ ಬಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಅದೇ ನನಗೆ ಹೆಚ್ಚು ನೆನಪಾಗುವುದು. “ಮ್ಯಾಲ ಫೈಲ್ ಅಂತ ಐತಲ್ರಿ, ಅದನ್ನ ಒತ್ತರಿ. ಮೊದಲನೇ ಸಾಲಿನ್ಯಾಗ ‘ಹೊಸದು’ ಅಂತ ಐತಿ ನೋಡ್ರಿ. ಏಕದಂ ಖಾಲಿ ಹಾಳಿ ಬರತೈತಿ.”

ಆ ಫೈಲ್ ಪಟ್ಟಿಯನ್ನು ನಾನು ದಿನಾ ತೆರೆಯುತ್ತಿದ್ದೆ. ಮೊದಲನೆಯ ಸಾಲನ್ನು ದಾಟಿ, ಇದ್ದದ್ದನ್ನು ತೆರೆಯುವ ಎರಡನೆಯ ಸಾಲಿಗೆ ಹೋಗುವುದೇ ರೂಢಿಯಾಗಿತ್ತು. ಮೊದಲನೆಯ ಸಾಲು ಯಾತಕ್ಕೆ ಎಂದು ಒಮ್ಮೆಯೂ ಒತ್ತಿ ನೋಡಿರಲಿಲ್ಲ, ಏನಾದರೂ ಕೆಟ್ಟೀತು ಎಂಬ ಅಂಜಿಕೆ. ಈಗ ಒತ್ತಿದೆ. ಬಿಳಿಯ ಖಾಲಿ ಹಾಳೆ ಬಂತು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ನನ್ನ ಕಿವಿಗಳು ಬಿಸಿಯಾದವು. ಆದರೂ ತಲೆ ಎತ್ತದೆ ಅದರಲ್ಲೇ ತಬಲೆಯ ಒಂದು ಸಣ್ಣ ಠೇಕಾ ಬರೆದು ನುಡಿಸಿದೆ.

ಅಥಣಿಯವರು ಕಿವಿಗೊಟ್ಟು ಕೇಳಿದರು. ಮತ್ತೆ ನುಡಿಸಿರಿ ಅಂದರು. ಆಮೇಲೆ, “ಗಂಟಿ ಎಲ್ಲಿ ಹೋತ್ರಿ?” ಅಂದರು.

“ಯಾವ ಗಂಟಿ?”

“ನಿಮ್ಮ ಎಲ್ಲಾ ಕ್ಯಾಸೆಟ್‌ನ್ಯಾಗ ಬರತೈತಲ್ರಿ, ಟಿಣ್ ಅಂತ. ಅದನ್ನ ಹ್ಯಾಂಗ ಮಾಡ್ತೀರಿ ಅಂತ ಕೇಳಾಕಂತನ ನಾ ಬಂದೀನಿ.”

“ಅದು ಮಶೀನದ ಸಪ್ಪಳರಿ” ಅಂದೆ. ಹೇಳುವಾಗಲೇ ನನಗೆ ತಿಳಿಯಿತು. ಮಶೀನಿನದಾಗಿದ್ದರೆ ಈ ಖಾಲಿ ಹಾಳೆಯಲ್ಲೂ ಕೇಳಬೇಕಾಗಿತ್ತು.

ಅವರು ನನ್ನ ಅಪ್ಪಣೆ ಕೇಳಿ ಮೌಸ್ ತೆಗೆದುಕೊಂಡರು. ಪಾಠದ ಹಾಡನ್ನು ಮತ್ತೆ ತೆರೆದರು. ಪರದೆಯ ಬಲಗಡೆಯ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ ಇತ್ತು, ಅದನ್ನು ಹಿಡಿದು ಕೆಳಗೆ ಎಳೆದರು. ಹಾಳೆ ಮೇಲೆ ಸರಿಯಿತು. ಪರದೆಗಿಂತ ಹಾಳೆ ಉದ್ದವಿತ್ತು. ನಾನು ಕಂಡಷ್ಟನ್ನೇ ಅಳಿಸುತ್ತಿದ್ದೆ, ಕೆಳಗೆ ವಾದ್ಯದ ಇನ್ನೊಂದು ಪಟ್ಟಿ ಉಳಿದೇ ಇರುತ್ತಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಅವರು ಗಟ್ಟಿಯಾಗಿ ಓದಿ, ಎಲ್ಲರಿಗೂ ಅರ್ಥ ಹೇಳಿದರು. “ವಿದ್ಯಾರ್ಥಿಗೆ ಗುರುತು. ಹೊಸಾ ಸಾಲು ಶುರು ಆತು ಅಂತ ಕಲಿಯಾವರಿಗೆ ಗೊತ್ತಾಗಲಿ ಅಂತ ಹಾಕಿದ ಗಂಟಿ ಇದು.”

ಈ ಸಲ ಎಲ್ಲರೂ ನಕ್ಕರು. ನಿಪ್ಪಾಣಿಯ ವ್ಯಾಪಾರಿ ನಗು ತಡೆಯಲು ಕರವಸ್ತ್ರ ಬಾಯಿಗೆ ಹಿಡಿದುಕೊಂಡರು. ಅಥಣಿಯವರೂ ನಕ್ಕರು. ಅಷ್ಟರಲ್ಲಿ ರಾಯಬಾಗದವರು ಅವರ ಕಡೆ ತಿರುಗಿ, “ಅಲ್ರೀ, ನಿಮ್ಮ ಕ್ಯಾಸೆಟ್‌ನ್ಯಾಗೂ ಈಗ ಗಂಟಿ ಬರಾಕತ್ತೇತಲ್ಲ?” ಎಂದು ಕೇಳಿದರು. ಅಥಣಿಯವರ ನಗು ನಿಂತಿತು. ನಮ್ಮ ಕ್ಯಾಸೆಟ್ ಕೇಳಿ ಅವರು ದೇವರ ಮನೆಯ ಗಂಟೆಯೊಳಗೆ ಹತ್ತಿ ತುರುಕಿ, ಒಬ್ಬ ಮನುಷ್ಯನನ್ನು ಅದಕ್ಕೇ ಕೂಡಿಸಿ, ಅಂಥದೇ ದನಿ ಬರುವಂತೆ ಬಾರಿಸುತ್ತಿದ್ದರಂತೆ. ಅವರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ನನ್ನಿಂದಾಗಿ ಅವರ ಮಾನವೂ ಹೋಯಿತಲ್ಲ ಎಂದು ನಾನು ಇನ್ನಷ್ಟು ಕುಗ್ಗಿದೆ.

ಆಮೇಲೆ ಏನು ಕಲಿಸಿದೆನೋ ನನಗೆ ನೆನಪಿಲ್ಲ. ಏನೋ ಹೇಳಿದೆ, ಒತ್ತಬಾರದ್ದನ್ನು ಒತ್ತಿದೆ. ಎಲ್ಲಕ್ಕಿಂತ ಕೆಟ್ಟದ್ದು ಕೊನೆಗೆ ಬಂತು. ವ್ಯಾಪಾರಿ ಮೊದಲೇ ತಂದಿಟ್ಟ ಶಾಲು, ತೆಂಗಿನಕಾಯಿ, ಹಾರ ಇದ್ದವು. ಅವುಗಳನ್ನು ಕೊಡದೆ ಇರುವಂತಿರಲಿಲ್ಲ. ನನ್ನನ್ನು ನಿಲ್ಲಿಸಿ ಆ ಫಲಕದ ಕೆಳಗೆ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಲೆ ತಗ್ಗಿಸಿ ನಿಂತಿದ್ದಾಗ ನನಗೆ ಎಲ್ಲರ ಚಪ್ಪಲಿಗಳು ಕಂಡವು. ಇಳಿದು ಹೋಗುವಾಗ ಕಾಗವಾಡದ ಹೆಣ್ಣುಮಗಳು ಮೆಟ್ಟಿಲ ಹತ್ತಿರ ನಿಂತಿದ್ದಳು. ಏನೋ ಕೇಳಲು ಬಾಯಿ ತೆರೆದಳು. ನಾನು ನಿಲ್ಲದೆ ದಾಟಿ ಹೋದೆ.

ಜೀಪಿನಲ್ಲಿ ಗಂಡ ಕಂಪ್ಯೂಟರಿನ ಪರದೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಚಿಕ್ಕೋಡಿಯ ದೀಪಗಳು ಕಂಡ ಮೇಲೆ, “ಹೂಂ ಅಂದಾವ ನಾನು. ನೀ ಯಾಕ ಅಳ್ತಿ” ಅಂದರು. ಮನೆಗೆ ಬಂದರೆ ಅತ್ತೆ ಶಾಲನ್ನು ಬೆಳಕಿಗೆ ಹಿಡಿದು, ಚಲೋ ಐತಿ ಅಂದು, ಅಂದೇ ಮೊದಲ ಸಲ ಆಚೆಯ ಮನೆಯವರನ್ನು ಕರೆದು ಸೊಸೆಗೆ ಸಿಕ್ಕ ಮರ್ಯಾದೆಯನ್ನು ತೋರಿಸಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದೆ.

ಮುಂದೆ ಎಷ್ಟೋ ದಿನ ಹಿಂದಿನ ಖೋಲಿಗೆ ಹೋಗಲಿಲ್ಲ. ಯಾರಾದರೂ ರೆಕಾರ್ಡಿಂಗಿಗೆ ಬಂದರೆ ಗಂಡ ಆಕೆಗೆ ಮೈಯಲ್ಲಿ ನೆಟ್ಟಗಿಲ್ಲ ಎಂದು ಕಳಿಸುತ್ತಿದ್ದರು. ಹಾಗಿರುವಾಗ ಒಂದು ದಿನ ಮಂಗಸೂಳಿಯ ಆ ಹಿರಿಯ ಹಾಡುಗಾರರು ಬಂದರು. ಹೊಸ ಕ್ಯಾಸೆಟ್ ಮಾಡಬೇಕಾಗಿತ್ತು. ಮೈಯಲ್ಲಿ ನೆಟ್ಟಗಿಲ್ಲ ಎಂಬ ಮಾತನ್ನು ಅವರು ಕೇಳಲಿಲ್ಲ. “ಕರೀರಿ, ಮಾತಾಡಸ್ಕೊಂಡ ಹೋಗ್ತೀನಿ” ಎಂದು ಅಂಗಡಿಯ ಬಾಕಿನ ಮೇಲೆ ಕೂತೇಬಿಟ್ಟರು.

ನಾನು ಬಂದು ಬಾಗಿಲ ಹತ್ತಿರ ನಿಂತೆ.

“ಕಾಗವಾಡದಾಗ ಏನೇನೋ ಮಾತಾಡಾಕತ್ತಾರವಾ” ಅಂದರು. “ಆ ಗಂಟಿ ನಿಮ್ಮದಲ್ಲಂತ. ಖರೇ ಏನು?”

“ಖರೇರಿ. ಯಾರೋ ಪಾಠಕ್ಕಂತ ಇಟ್ಟದ್ದು. ನನಗ ಗೊತ್ತಿರಲಿಲ್ಲ.”

ಅವರು ಬೀದಿಯ ಕಡೆ ತಿರುಗಿದರು. “ನಾವು ನಮ್ಮ ಮಲ್ಲಯ್ಯಗಂತ ನೀವ ಹಾಕೀರಿ ಅಂತ ತಿಳದಿದ್ದಿವಿ. ನಮ್ಮೂರಾಗ ಕ್ಯಾಸೆಟ್ ಹಚ್ಚಿದ್ರ, ಗಂಟಿ ಬಂದ ಕೂಡ್ಲೇ ಮುದುಕ್ಯಾರು ಕೈ ಮುಗೀತಾರ.”

ನಿಪ್ಪಾಣಿಯಲ್ಲಿ ಎಲ್ಲರೂ ನಕ್ಕಾಗ ಆದದ್ದಕ್ಕಿಂತ ಆ ಮಾತು ನನಗೆ ಹೆಚ್ಚು ನಾಚಿಕೆ ತಂದಿತು. ನಗುವವರ ಮುಂದೆ ತಲೆ ತಗ್ಗಿಸಿ ನಿಂತರೆ ಮುಗಿಯುತ್ತದೆ. ಕೈ ಮುಗಿಯುವ ಮುದುಕಿಯರ ಮುಂದೆ ಏನು ಮಾಡಬೇಕು ಎಂದು ತಿಳಿಯಲಿಲ್ಲ. “ಹೊಸಾ ಕ್ಯಾಸೆಟ್‌ನ್ಯಾಗ ಅದು ಇರೂದಿಲ್ರಿ” ಅಂದೆ.

“ತಗೀರಿ. ಬರೋಬ್ಬರಿ ಐತಿ.” ಅವರು ರುಮಾಲು ಸರಿಮಾಡಿಕೊಂಡು ಎದ್ದರು. “ಆದ್ರ ಇದನ್ನ ಊರಾಗ ನಾ ಹೇಳೂದಿಲ್ಲ. ನೀವೂ ಹೇಳಬ್ಯಾಡ್ರಿ.” ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತಾವೂ ಆ ಗಂಟೆಗೆ ಕೈ ಮುಗಿದಿದ್ದರು ಎಂದು ನನಗೆ ಆಗ ತಿಳಿಯಿತು. ಅವರು ನನ್ನ ಮುಖ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಮರುವಾರವೇ ನಾನು ಊರಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಹೆಸರು ಹಚ್ಚಿದೆ. ಅಲ್ಲಿ ಕಲಿಯುವವರೆಲ್ಲ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕೂತ ಹುಡುಗಿಯರು. ಕಲಿಸುವವಳು ನನಗಿಂತ ಎಷ್ಟೋ ಚಿಕ್ಕವಳು. ನನ್ನನ್ನು ನೋಡಿ, “ನೀವು ಕ್ಯಾಸೆಟ್ ಮಾಡಾವ್ರಲ್ರಿ? ಇಲ್ಲೆ ಯಾಕ ಬಂದ್ರಿ?” ಅಂದಳು. ಹುಡುಗಿಯರೆಲ್ಲ ತಿರುಗಿ ನೋಡಿದರು.

“ನಾ ಮೊದಲನೇ ಭಾಗ ಕಲ್ತಿಲ್ಲವಾ” ಅಂದೆ.

ಆಕೆಗೆ ಅದು ಏನೆಂದು ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಜಾಗ ತೋರಿಸಿದಳು. ಅಲ್ಲಿ ಮೌಸ್ ಹಿಡಿಯುವುದರಿಂದ ಶುರುವಾಯಿತು. ಹೊಸ ಹಾಳೆ ತೆರೆಯುವುದು, ಬಲಗಡೆಯ ಪಟ್ಟಿ ಎಳೆಯುವುದು, ಫೋಲ್ಡರಿನೊಳಗೆ ಫೈಲ್ ಇಡುವುದು. ಮಗ್ಗುಲಿನ ಹುಡುಗಿ ನಾನು ತಡವರಿಸಿದಾಗ ತಾನಾಗಿಯೇ ಬೆರಳು ಚಾಚಿ ತೋರಿಸುತ್ತಿದ್ದಳು. ಕೇಳಬೇಕೆಂದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಆದರೂ ಕೇಳಿದೆ. ಕೇಳದಿದ್ದರೆ ಏನಾಗುತ್ತದೆ ಎಂಬುದು ಗೊತ್ತಾಗಿತ್ತಲ್ಲ. ಕ್ಲಾಸು ಮುಗಿದು ಹೊರಬರುವಾಗ ಅಂಗಡಿಗಳ ಮುಂದೆ ಹೋಗದೆ ಸಂದಿಯಿಂದ ಮನೆಗೆ ಹೋಗುತ್ತಿದ್ದೆ.

ಮಂಗಸೂಳಿಯವರ ಹೊಸ ಕ್ಯಾಸೆಟ್ ಗಂಟೆ ಇಲ್ಲದೆ ಬಂತು. ಮೊದಲಿನಷ್ಟು ಹೋಗಲಿಲ್ಲ. ಅಂಗಡಿಯಲ್ಲಿ ಕೆಲವರು ಏನೋ ಕಡಿಮೆ ಆಗಿದೆ ಅಂದರು. ಗಂಡ ಅವರಿಗೆ ಬೇರೆ ಕ್ಯಾಸೆಟ್ ತೋರಿಸುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಕಾಗವಾಡದ ಆ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಅವರೂ ಕಂಪ್ಯೂಟರ್ ತೆಗೆದುಕೊಂಡಿದ್ದರು, ಗಂಡನಿಗೆ ಕೂಡ್ರುವ ತಾಳ್ಮೆ ಇರಲಿಲ್ಲ. “ಅವತ್ತ ನಿಪ್ಪಾಣ್ಯಾಗ ಕೇಳಬೇಕಂದಿದ್ದೆ, ನೀವು ಹೋಗೇ ಬಿಟ್ರಿ. ಆ ತಬಲಾ ಕೈಲೆ ಬಾರಿಸಿದಾಂಗ ಕೇಳತೈತಲ್ರಿ, ಅದನ್ನ ನನಗ ಕಲಸ್ತೀರೇನು?”

ಅವಳು ಗಂಟೆಯ ಮಾತು ಎತ್ತಲೇ ಇಲ್ಲ. ನಾನೇ ಎತ್ತಿದೆ. “ನನ್ನ ಹತ್ರ ಕಲಿಯಾಕ ನಿಮಗ ಹ್ಯಾಂಗ ಮನಸ್ಸಾತು?” ಅಂದೆ.

“ಗಂಟಿ ಬ್ಯಾರೆ, ತಬಲಾ ಬ್ಯಾರೆರಿ” ಅಂದಳು.

ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದಳು. ಅವಳಿಗೆ ಕಿವಿ ಚಲೋ ಇತ್ತು. ಹೊಸ ಹಾಳೆಯಿಂದಲೇ ಶುರು ಮಾಡಿಸಿದೆ. ನನಗೆ ಬಾರದ್ದನ್ನು ಕೇಳಿದಾಗ ಬರುವುದಿಲ್ಲ ಎಂದು ಹೇಳಿ, ಇಬ್ಬರೂ ಡಿಕ್ಷನರಿ ಇಟ್ಟುಕೊಂಡು ಪುಸ್ತಕದಲ್ಲಿ ಹುಡುಕುತ್ತಿದ್ದೆವು. ಒಂದು ವರ್ಷದೊಳಗೆ ಕಾಗವಾಡದ ಖೋಲಿಯನ್ನು ಅವಳೇ ನಡೆಸತೊಡಗಿದಳು.

ಒಮ್ಮೆ ಅವಳ ತವರಿನ ಒಂದು ಕಾರ್ಯಕ್ಕೆ ಕರೆದಳೆಂದು ನಿಪ್ಪಾಣಿಗೆ ಹೋಗಿದ್ದೆ. ಪಡಸಾಲೆಯಲ್ಲಿ ನೆಂಟರು ತುಂಬಿದ್ದರು. ಅವಳು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, “ಇವರ ನಮ್ಮ ಗುರುಗಳು” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಬಾಗಿ ಕಾಲು ಮುಟ್ಟಿದಳು. ನನಗೆ ಅವಳನ್ನು ಎಬ್ಬಿಸಲೂ ಆಗಲಿಲ್ಲ. ಶಾಲು ಹೊದಿಸಿದ ದಿನದಂತೆಯೇ ನೆಲ ನೋಡುತ್ತ ನಿಂತೆ. ಯಾರೋ ಒಬ್ಬರು ಏನು ಕಲಿಸುತ್ತೀರಿ ಎಂದು ಕೇಳಿದರು. ಅವಳೇ ಉತ್ತರ ಹೇಳಿದಳು. ಅವಳ ತಾಯಿ ಮಜ್ಜಿಗೆ ತಂದುಕೊಟ್ಟರು. ಕುಡಿದು, ಊಟಕ್ಕೆ ನಿಲ್ಲದೆ ಚಿಕ್ಕೋಡಿಯ ಬಸ್ಸು ಹತ್ತಿದೆ.